ನಮ್ಮ ಗಾಯರಾಣ ಖಾಲಿ ಬಿದ್ದಿಲ್ಲ

ಮುಂಗಾರು ಶುರುವಾಗುತ್ತಿದ್ದಂತೆ ಕಲಬುರಗಿ ಜಿಲ್ಲೆಯಲ್ಲಿ ಒಂದು ಮಾತು ಊರಿಂದೂರಿಗೆ ಹಬ್ಬುತ್ತದೆ. ನಮ್ಮಲ್ಲಿ ಕಾಡಿಲ್ಲ, ಕಾಡಿಲ್ಲದ್ದಕ್ಕೇ ಮಳೆಯಿಲ್ಲ, ಆದ್ದರಿಂದ ಖಾಲಿ ಬಿದ್ದ ಜಾಗದಲ್ಲೆಲ್ಲ ಗಿಡ ಹಚ್ಚಬೇಕು. ವನಮಹೋತ್ಸವದ ವೇದಿಕೆಯಲ್ಲಿ ಇದೇ ಮಾತು, ಶಾಲೆಯ ಪ್ರಬಂಧ ಸ್ಪರ್ಧೆಯಲ್ಲಿ ಇದೇ ಮಾತು, ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿಯೂ ಇದೇ. ಕೇಳಲು ಒಳ್ಳೆಯದಾಗಿರುವುದರಿಂದ ಯಾರೂ ಎದುರಾಡುವುದಿಲ್ಲ. ಸಸಿ ತುಂಬಿದ ಲಾರಿ ಊರ ಹೊರಗಿನ ಗಾಯರಾಣಕ್ಕೆ, ಅಂದರೆ ದನಕುರಿ ಮೇಯುವ ಸಾಮೂಹಿಕ ನೆಲಕ್ಕೆ, ಬಂದು ನಿಲ್ಲುತ್ತದೆ, ಜೆಸಿಬಿ ಸಾಲಾಗಿ ಗುಂಡಿ ತೋಡುತ್ತದೆ, ಫೋಟೊ ತೆಗೆಸಿಕೊಂಡವರು ಮನೆಗೆ ಹೋಗುತ್ತಾರೆ.

ಈ ನಂಬಿಕೆ ಬರೀ ತಪ್ಪಲ್ಲ, ಹಾನಿಕರ. ದಖ್ಖನ್ನಿನ ಬಯಲಿನಲ್ಲಿ ಸಾವಿರಾರು ವರ್ಷ ಬಾಳಿದ ಒಂದು ಹಕ್ಕಿಯನ್ನು ಕೋವಿ ಎಷ್ಟು ಕೊಂದಿತೋ ಅದಕ್ಕಿಂತ ಹೆಚ್ಚಾಗಿ ಈ ನಂಬಿಕೆ ಕೊಂದಿದೆ. ಅದು ಎರೆಭೂತ, ಪುಸ್ತಕದಲ್ಲಿ ದೊರೆವಾಯನಹಕ್ಕಿ. ಮೀಟರಿನಷ್ಟು ಎತ್ತರ, ಗಂಡಾದರೆ ಹದಿನೈದು ಕಿಲೋವರೆಗೂ ತೂಕ. ಹಾರಬಲ್ಲ ಹಕ್ಕಿಗಳಲ್ಲಿ ಲೋಕದಲ್ಲೇ ಅತಿ ಭಾರವಾದವುಗಳ ಸಾಲಿನದು. ಇಷ್ಟು ದೊಡ್ಡದಾಗಿದ್ದರೂ ಮಹಾ ನಾಚಿಕೆಯ ಜೀವ. ಮನುಷ್ಯ ದೂರದಲ್ಲಿ ಕಂಡರೂ ಹುಲ್ಲಿನ ಮರೆಗೆ ತಲೆ ತಗ್ಗಿಸಿ ನಡೆದುಬಿಡುತ್ತದೆ. ಮರ ಏರುವುದಿಲ್ಲ, ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಟ್ಟು, ಹೆಣ್ಣು ಒಬ್ಬಂಟಿಯಾಗಿ ನಾಲ್ಕು ವಾರ ಕಾವು ಕೂರುತ್ತದೆ. ದೂರದವರೆಗೆ ಕಣ್ಣು ಹಾಯಬೇಕು, ನಾಯಿ ನರಿ ಬಂದರೆ ಮೊದಲೇ ಕಾಣಬೇಕು. ಇದಕ್ಕೆ ಬೇಕಾದದ್ದು ಬಯಲೇ. ಮರದ ತೋಪು ಈ ಹಕ್ಕಿಗೆ ಗೋಡೆಯಿದ್ದಂತೆ.

1809ರಿಂದ 1829ರವರೆಗೆ ಅಹಮದ್‌ನಗರ ಸೀಮೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಬೇಟೆಗಾರ 961 ಎರೆಭೂತಗಳನ್ನು ಹೊಡೆದ ದಾಖಲೆಯಿದೆ. ಒಬ್ಬನ ಕೋವಿಗೆ ಅಷ್ಟು ಸಿಕ್ಕಿದ್ದರೆ ಈ ದಖ್ಖನ್ನಿನಲ್ಲಿ ಎಷ್ಟಿದ್ದಿರಬೇಕು? 1969ರ ಹೊತ್ತಿಗೆ ಇಡೀ ದೇಶದಲ್ಲಿ ಸುಮಾರು 1,260 ಉಳಿದಿದ್ದವೆಂದು ಅಂದಾಜು. ಇವತ್ತು ಬಯಲಿನಲ್ಲಿ ಇರುವುದು ನೂರೈವತ್ತರ ಆಸುಪಾಸು, ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರಿ ಹೊಲಗಳಲ್ಲಿ ಬೆರಳೆಣಿಕೆಯಷ್ಟು. ಅತ್ತ ಮಹಾರಾಷ್ಟ್ರದ ಸೊಲ್ಲಾಪುರದ ನಾನ್ನಜದಲ್ಲಿ ಇನ್ನೂ ಕಡಿಮೆ. ನಕ್ಷೆ ತೆಗೆದು ನಾನ್ನಜದಿಂದ ಸಿರುಗುಪ್ಪಕ್ಕೆ ಒಂದು ಗೆರೆ ಎಳೆದು ನೋಡಿ, ನಡುವಿನ ಸೀಮೆಯಲ್ಲಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಬರುತ್ತವೆ. ಆಳಂದ ತಾಲ್ಲೂಕಿನ ನರೋಣಾ ಹೋಬಳಿಯ ಮರಡಿ, ಗಾಯರಾಣ, ಪಡ ಬಿದ್ದ ಹೊಲಗಳು ಹಕ್ಕಿಯ ಈ ಎರಡು ದಖ್ಖನ್ ನೆಲೆಗಳ ನಡುವಿನ ನೆಲ. ಅಲೆದಾಡಿ ಬದುಕುವ ಹಕ್ಕಿಗೆ ಈ ನಡುವಿನ ನೆಲ ಮುಚ್ಚಿಹೋದರೆ ಎರಡು ತುದಿಯಲ್ಲಿ ಉಳಿದ ನಾಲ್ಕಾರು ಹಕ್ಕಿಗಳಿಗೆ ಮುಂದಿನ ದಾರಿ ಯಾವುದು?

ಮೊದಲು ಅಳತೆಗೋಲಿನ ಮಾತು. ದೇಶದ ಮೂರನೇ ಒಂದು ಭಾಗ ಮರಗಾಡಿರಬೇಕು ಎಂಬ ಗುರಿಯನ್ನು 1952ರ ಅರಣ್ಯ ನೀತಿ ಹೇಳಿತು, 1988ರ ನೀತಿ ಮತ್ತೆ ಹೇಳಿತು. ಇಡೀ ದೇಶಕ್ಕೆ ಹೇಳಿದ ಸರಾಸರಿ ಅದು. ಅದನ್ನು ಹಿಡಿದು ಪ್ರತಿ ಜಿಲ್ಲೆಯನ್ನು ಅಳೆಯುವುದು, ಕಲಬುರಗಿ ನಪಾಸಾಗಿದೆ ಎಂದು ಸಾರುವುದು ಯಾವ ವಿವೇಕ? ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ನಮ್ಮಲ್ಲಿ ಏಳೆಂಟು ನೂರು. ಅದೂ ಮಳೆಗಾಲದ ಕೆಲವೇ ತಿಂಗಳು ಸುರಿದು ಉಳಿದ ತಿಂಗಳು ಬಿರುಬಿಸಿಲು. ಬೇಸಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುವ ಎರಿ ಮಣ್ಣು ಸಣ್ಣ ಗಿಡದ ಬೇರನ್ನು ಹರಿದು ಹಾಕುತ್ತದೆ. ಈ ಮಳೆಗೆ, ಈ ಮಣ್ಣಿಗೆ ಒಗ್ಗಿ ಬೆಳೆದದ್ದು ಹುಲ್ಲು. ಅಲ್ಲಲ್ಲಿ ಬಿಳಿಜಾಲಿ, ಬಾರಿಕಂಟಿ, ತಂಗಡಿ. ಯಾರೋ ಕಡಿದದ್ದರಿಂದ ಬಯಲಾದ ಕಾಡು ಇದಲ್ಲ. ಪಕ್ಕದ ಮಹಾರಾಷ್ಟ್ರದ ಬಯಲುಸೀಮೆಯ ಬಗ್ಗೆ 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ನೂರಾರು ವರ್ಷ ಹಳೆಯ ಮರಾಠಿ ಸಾಹಿತ್ಯವನ್ನು ಶೋಧಿಸಿ, ಆ ಕಾಲದಲ್ಲೂ ಅಲ್ಲಿದ್ದದ್ದು ಹುಲ್ಲು ಮತ್ತು ಮುಳ್ಳುಗಿಡಗಳ ನಾಡೇ ಎಂದು ತೋರಿಸಿದೆ. ನಮ್ಮ ಬಯಲು ಬಯಲಾಗಿಯೇ ಹುಟ್ಟಿದೆ. ಅದನ್ನು ಹಾಳಾದ ಕಾಡೆಂದು ಕರೆದು ರಿಪೇರಿಗೆ ಇಳಿಯುವವರು ಮೊದಲು ಯಾವ ಕಾಡು ಎಲ್ಲಿತ್ತು ಎಂದು ತೋರಿಸಬೇಕು.

ಸರಕಾರಿ ಲೆಕ್ಕವೂ ಹೀಗೇ. ಅರಣ್ಯ ಸಮೀಕ್ಷೆಯ ವರದಿಯಲ್ಲಿ ಒಂದು ಹೆಕ್ಟೇರ್ ಅಥವಾ ಮೇಲ್ಪಟ್ಟ ಜಾಗದಲ್ಲಿ ಶೇ 10ರಷ್ಟು ಮರದ ಹೊದಿಕೆ ಇದ್ದರೆ ಸಾಕು, ಅದು ಯಾವ ಮರವಾದರೂ, ಯಾರ ಜಮೀನಾದರೂ, ಅರಣ್ಯ ಹೊದಿಕೆ ಎಂದು ಎಣಿಕೆಯಾಗುತ್ತದೆ. ನೀಲಗಿರಿ ತೋಪು ಕಾಡು, ಮಾವಿನ ತೋಟ ಕಾಡು. ಸಾವಿರ ಎಕರೆ ಹುಲ್ಲುಗಾವಲು ಸೊನ್ನೆ. ಇನ್ನೊಂದು ಕಡೆ ಬಂಜರು ಭೂಮಿಯ ಅಟ್ಲಾಸ್ ಎಂದು ಸರಕಾರವೇ ಅಚ್ಚು ಹಾಕಿಸುತ್ತದೆ, ಕುರುಚಲು ನೆಲವೆಲ್ಲ ಅದರಲ್ಲಿ ಸೇರುತ್ತದೆ. ಆ ಪಟ್ಟಿಗೆ ಸೇರಿದ ನೆಲಕ್ಕೆ ಹೊಲವಿಲ್ಲದವರ ಹಕ್ಕಾಗಲಿ, ಕುರಿಗಾರರ ಹಕ್ಕಾಗಲಿ, ಹಕ್ಕಿಯ ಹಕ್ಕಾಗಲಿ ಉಳಿಯುವುದಿಲ್ಲ. ಕೇಳಿದವರಿಗೆ ಕೊಡಬಹುದಾದ ಜಾಗ ಅದು.

ಈ ತಿಳಿವಳಿಕೆಯ ಫಲ ಏನೆಂದು ನೋಡಬೇಕಿದ್ದರೆ ರಾಣೇಬೆನ್ನೂರಿಗೆ ಹೋಗಬೇಕು. 1974ರಲ್ಲಿ ಕೃಷ್ಣಮೃಗ ಮತ್ತು ಎರೆಭೂತಗಳಿಗೆಂದೇ ಅಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವನ್ನು ಘೋಷಿಸಲಾಯಿತು. ಹಕ್ಕಿಗೆ ಕಾನೂನಿನ ಅತ್ಯುನ್ನತ ರಕ್ಷಣೆ ಇತ್ತು, ಕಾವಲಿಗೆ ಇಲಾಖೆ ಇತ್ತು, ಬೋರ್ಡು ಇತ್ತು. ಅದೇ ಅಭಯಾರಣ್ಯದ ಬಹುಪಾಲು ನೆಲದ ಮೇಲೆ ಸಾಲಿನ ಮೇಲೆ ಸಾಲು ನೀಲಗಿರಿ ನಿಂತಿತ್ತು. ಬಯಲಿನ ಹಕ್ಕಿಯ ಮನೆಗೆ ಅದರ ರಕ್ಷಕರೇ ಮರದ ಬಾಗಿಲು ಜಡಿದರು. ಇವತ್ತು ರಾಣೇಬೆನ್ನೂರಿನಲ್ಲಿ ಕೃಷ್ಣಮೃಗಗಳಿವೆ, ನೀಲಗಿರಿಯಿದೆ, ಎರೆಭೂತವಿಲ್ಲ. ಯಾವ ಬೇಟೆಗಾರನ ಮೇಲೆ ಇದರ ಕೇಸು ಹಾಕೋಣ? ಒಳ್ಳೆಯ ಉದ್ದೇಶದಿಂದ, ಸರಕಾರದ ಹಣದಿಂದ, ಹಸಿರಿನ ಹೆಸರಿನಲ್ಲಿ ನಡೆದ ನಾಶ ಅದು. ಅದಕ್ಕೇ ಯಾರ ಮೇಲೂ ಹೊಣೆ ಬರಲಿಲ್ಲ. ಅದಕ್ಕೇ ಅದೇ ಕೆಲಸ ಇವತ್ತು ನಮ್ಮ ಜಿಲ್ಲೆಯ ಗಾಯರಾಣಗಳಲ್ಲಿ ಚಪ್ಪಾಳೆಯ ನಡುವೆ ನಡೆಯುತ್ತಿದೆ.

ಕನ್ನಡದ ಜನ ಇದನ್ನು ಎಂದೂ ಎದುರಿಸಿಲ್ಲ ಎಂದೇನಲ್ಲ. 1984ರಲ್ಲಿ ಸರಕಾರ ಮತ್ತು ಕಾರ್ಖಾನೆ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಯಲು ಸುಮಾರು 75,000 ಎಕರೆ ಸಾಮೂಹಿಕ ಭೂಮಿ ಕೊಡುವುದೆಂದಾಯಿತು. ಆಗಲೂ ಅದು ಖಾಲಿ ಜಾಗ ಎಂದೇ ಹೇಳಿದ್ದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ಕಡೆಗೆ ಆ ಕಂಪನಿ ಮುಚ್ಚಿತು. ಅಂದು ಹಳ್ಳಿಯ ಜನ ಕೇಳಿದ ಪ್ರಶ್ನೆ ಇವತ್ತಿಗೂ ಹಳತಾಗಿಲ್ಲ: ಈ ನೆಲ ಯಾರಿಗೆ ಖಾಲಿ?

ಕುರಿಗಾರರನ್ನು ಕೇಳಿ. ಮುಂಗಾರಿಯ ಎರಡು ಮಳೆ ಬಿದ್ದರೆ ಗಾಯರಾಣದಲ್ಲಿ ಮೇವು. ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಹಿಂಡು ತರುಬಿದರೆ ರೈತನಿಗೆ ಗೊಬ್ಬರ, ಕುರಿಗಾರನಿಗೆ ಕಾಳು ಕಾಸು. ಹೊಲವಿಲ್ಲದವರ ಮನೆಯ ಎಮ್ಮೆ ಬದುಕುವುದು ಆ ನೆಲದಿಂದ. ರಾಜ್ಯದ ಭೂಕಂದಾಯ ನಿಯಮಗಳಲ್ಲಿಯೇ, 97ನೇ ನಿಯಮದಲ್ಲಿ, ನೂರು ಜಾನುವಾರಿಗೆ 12 ಹೆಕ್ಟೇರಿನಂತೆ ಗೋಮಾಳ ಕಾದಿಡಬೇಕೆಂದಿದೆ. ಎಷ್ಟು ಊರುಗಳಲ್ಲಿ ಅದು ಉಳಿದಿದೆ? ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರ ಸಾಮೂಹಿಕ ಭೂಮಿಯ ಒತ್ತುವರಿ ತೆರವು ಮಾಡಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಆ ತೀರ್ಪಿನ ಪ್ರತಿ ನಮ್ಮ ತಹಶೀಲ್ ಕಚೇರಿಗಳ ಯಾವ ಕಪಾಟಿನಲ್ಲಿದೆ?

ನೆಲದ ಮೇಲಿರುವುದನ್ನು ಬಿಡಿ, ಒಳಗಿರುವುದನ್ನು ನೋಡಿ. ಹುಲ್ಲು ತಾನು ಹಿಡಿದಿಟ್ಟ ಇಂಗಾಲದ ಬಹುಭಾಗವನ್ನು ಬೇರಿನಲ್ಲಿ, ಮಣ್ಣಿನಲ್ಲಿ ಇಡುತ್ತದೆ. ಬೆಂಕಿ ಬಿದ್ದರೂ, ದನ ಮೇಯ್ದರೂ ಅದು ಅಲ್ಲೇ ಇರುತ್ತದೆ. ಜೆಸಿಬಿ ಗುಂಡಿ ತೋಡಿದಾಗ ಕೆದರಿ ಹೋಗುವುದು ಅದೇ. ತಂದು ಹಚ್ಚಿದ ಸಸಿ ಮೂರು ಬೇಸಗೆಯಲ್ಲಿ ಒಣಗಿದ ಮೇಲೆ ಆ ಕೆದರಿದ ನೆಲಕ್ಕೆ ನುಗ್ಗುವುದು ಬಳ್ಳಾರಿ ಜಾಲಿ. ಒಮ್ಮೆ ಅದು ಹಿಡಿದರೆ ದನಕ್ಕೆ ಮೇವಿಲ್ಲ, ಕುರಿಗೆ ದಾರಿಯಿಲ್ಲ, ನೆಲದ ಹಕ್ಕಿಗೆ ಮೊಟ್ಟೆ ಇಡಲು ಒಂದು ಮಾರು ಬಯಲಿಲ್ಲ.

ತೊಗರಿ ಬೆಳೆಯುವ ನಮ್ಮ ಜಿಲ್ಲೆಗೆ ಇದು ಹೊಟ್ಟೆಯ ಪ್ರಶ್ನೆಯೂ ಹೌದು. ಕಾಯಿಕೊರಕ ಹುಳ ಬಿದ್ದು ತೊಗರಿ ಹೋದ ವರ್ಷಗಳನ್ನು ಇಲ್ಲಿಯ ರೈತ ಮರೆತಿಲ್ಲ. ಔಷಧಕ್ಕೂ ಹುಳ ಬಗ್ಗದಿದ್ದಾಗ ಗಿಡ ಅಲುಗಾಡಿಸಿ, ಉದುರಿದ ಹುಳವನ್ನು ತಾಡಪಾಲಿನ ಮೇಲೆ ಆಯ್ದು ಬೆಳೆ ಉಳಿಸಿಕೊಂಡವರು ನಾವು. ಎರೆಭೂತ, ಗೌಜಲಹಕ್ಕಿ, ಬುರ್ಲಿಗಳಂಥ ನೆಲದ ಹಕ್ಕಿಗಳು ಮಳೆಗಾಲವಿಡೀ ತಿನ್ನುವುದು ಮಿಡತೆ, ಜೀರುಂಡೆ, ಹುಳಗಳನ್ನು. ಹೊಲದ ಅಂಚಿನ ಹುಲ್ಲು, ಅಗಲವಾದ ಬದು, ಗಾಯರಾಣ ಇವೆಲ್ಲ ಕಳೆದ ಮೇಲೆ ಈ ಹಕ್ಕಿಗಳೂ ಹೋಗುತ್ತವೆ. ಉಳಿಯುವುದು ಔಷಧದ ಬಿಲ್ಲು. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಕಾಳು ತಿನ್ನಲು ಬಿಟ್ಟು, ಕುಡಿಯಲು ನೀರಿಟ್ಟರೆಂದು ಜನ ಇಂದಿಗೂ ಹೇಳುತ್ತಾರೆ. ಅವರ ಜಾತ್ರೆಯಲ್ಲಿ ತೇರು ಎಳೆಯುವ ನಾವು ಅದೇ ಹಕ್ಕಿಗಳ ನೆಲವನ್ನು ನಿರುಪಯೋಗಿ ಎಂದು ಬರೆದುಕೊಡುತ್ತೇವೆಯೆ?

ಇನ್ನೊಂದು ವಾದ, ಹಕ್ಕಿಯ ಪರ ಇರುವವರದೇ: ಜನರನ್ನು, ಕುರಿಗಳನ್ನು ಹೊರಗಿಟ್ಟು ಬೇಲಿ ಹಾಕಿದರೆ ಹಕ್ಕಿ ಉಳಿಯುತ್ತದೆ. ಇದನ್ನೂ ನಾನು ಅಷ್ಟೇ ಬಲವಾಗಿ ಅಲ್ಲಗಳೆಯುತ್ತೇನೆ, ಏಕೆಂದರೆ ಇದನ್ನು ಮಾಡಿ ನೋಡಿಯಾಗಿದೆ. 1979ರಲ್ಲಿ ಸೊಲ್ಲಾಪುರ, ಅಹಮದ್‌ನಗರ ಸೀಮೆಯ 8,496 ಚದರ ಕಿಲೋಮೀಟರನ್ನು ಎರೆಭೂತದ ಅಭಯಾರಣ್ಯವೆಂದು ಕಾಗದದ ಮೇಲೆ ಘೋಷಿಸಿದರು. ಊರು, ಪೇಟೆ, ಹೊಲ ಎಲ್ಲ ಅದರೊಳಗೆ. ಜಮೀನು ಮಾರಲು ತೊಡಕು, ಕೆಲಸ ಮಾಡಲು ತೊಡಕು. ಹಕ್ಕಿಯೆಂದರೆ ಜನರಿಗೆ ಸಿಟ್ಟು ಬಂತು. ಮುಂದೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು, ಅಷ್ಟರಲ್ಲಿ ಸುತ್ತಲಿನ ಜೋಳದ ಹೊಲಗಳು ಕಬ್ಬು, ದ್ರಾಕ್ಷಿಗೆ ತಿರುಗಿದ್ದವು. ಮಧ್ಯಪ್ರದೇಶದ ಕರೇರಾದಲ್ಲಿ 1981ರಲ್ಲಿ ಅಭಯಾರಣ್ಯ ಮಾಡಿದರು. ಅಲ್ಲಿಯೂ ಜಮೀನು ಮಾರಾಟಕ್ಕೆ ತಡೆ, ಅಲ್ಲಿಯೂ ಜನರ ಸಿಟ್ಟು, ಹಕ್ಕಿ ಇಲ್ಲವಾಯಿತು. ಆಂಧ್ರದ ರೋಲ್ಲಪಾಡಿನಲ್ಲಿ 1988ರಲ್ಲಿ ಮೇಯಿಸುವುದಕ್ಕೆ ತಡೆ ಹಾಕಿ ಕಾದರು. ಚಿಗರಿ, ಅಂದರೆ ಕೃಷ್ಣಮೃಗ, ಹೆಚ್ಚಿ ಸುತ್ತಲಿನ ಬೆಳೆಗೆ ನುಗ್ಗಿದವು, ರೈತ ಹಕ್ಕಿಯ ವೈರಿಯಾದ. ಮಳೆಯಾಶ್ರಿತ ಜೋಳ, ಸೇಂಗಾ, ಪಡ ಬಿಟ್ಟ ಹೊಲ, ಹದವಾಗಿ ಮೇಯ್ದ ಹುಲ್ಲು ಇವುಗಳ ನಡುವೆ ಬೆಳೆದ ಹಕ್ಕಿ ಇದು. ಅದರ ನೆರೆಯವನು ಕುರುಬ. ಅವನನ್ನು ಓಡಿಸಿ ಹಕ್ಕಿಯನ್ನು ಉಳಿಸುತ್ತೇವೆನ್ನುವುದು ಅಜ್ಞಾನ.

ಮೊಟ್ಟೆ ಕೇಂದ್ರಗಳ ಮೇಲೆ ಭಾರ ಹಾಕಿ ನಿಶ್ಚಿಂತರಾಗುವವರೂ ಇದ್ದಾರೆ. ಜೈಸಲ್ಮೇರಿನ ಸಮ್‌ನಲ್ಲಿ 2019ರಿಂದ ಬಯಲಿನ ಮೊಟ್ಟೆ ತಂದು ಮರಿ ಮಾಡುವ ಕೆಲಸ ನಡೆದಿದೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಮರಿಯೂ ಹುಟ್ಟಿತು. ಆ ವಿಜ್ಞಾನಿಗಳ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಪಂಜರದಲ್ಲಿ ಬೆಳೆದ ಹಕ್ಕಿಯನ್ನು ಒಂದು ದಿನ ಹೊರಗೆ ಬಿಡಬೇಕು. ಎಲ್ಲಿ ಬಿಡುತ್ತೀರಿ? ನೀಲಗಿರಿ ತೋಪಿನಲ್ಲೇ, ಬಳ್ಳಾರಿ ಜಾಲಿಯಲ್ಲೇ, ಭೀಮಾ ದಂಡೆಯ ಕಬ್ಬಿನಲ್ಲೇ? ಗುಜರಾತಿನ ಕಛ್‌ನಲ್ಲಿ ಬಯಲೂ ಹೋಗಿ, ಗಂಡು ಹಕ್ಕಿಯೂ ಹೋಗಿ, ಮೂರ್ನಾಲ್ಕು ಹೆಣ್ಣುಗಳಷ್ಟೇ ಉಳಿದ ಕಥೆ ನಮ್ಮ ಕಣ್ಣೆದುರಿಗಿದೆ.

ತಂತಿಯ ಪ್ರಶ್ನೆ ಇನ್ನೂ ಕಠೋರ. ಎರೆಭೂತದ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ, ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ. ಭಾರವಾದ ದೇಹ, ತಟ್ಟನೆ ತಿರುಗಲಾರದು. ಅಡ್ಡ ಬಂದ ವಿದ್ಯುತ್ ತಂತಿಗೆ ಬಡಿದು ಬೀಳುತ್ತದೆ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನ, ಗುಜರಾತಿನ ನೆಲೆಗಳಲ್ಲಿ ತಂತಿಯನ್ನು ನೆಲದೊಳಗೆ ಹಾಕಲು ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಅದೇ ಕೋರ್ಟು ಆ ಆದೇಶವನ್ನು ಸಡಿಲಿಸಿತು. ಬಿಗಿಯಾಗಿದ್ದಾಗಲೂ ಸಡಿಲವಾದಾಗಲೂ ಸಿರುಗುಪ್ಪದ ಹಕ್ಕಿಗೆ ಅದರಿಂದ ದಕ್ಕಿದ್ದೇನೂ ಇಲ್ಲ. ಇಂಥ ತಂತಿಗಳನ್ನು ಎಳೆತರುವ ಸೌರಶಕ್ತಿ ಬೇಡವೆಂದು ಯಾರೂ ಹೇಳುತ್ತಿಲ್ಲ. ಊರಿನ ಸರಕಾರಿ ಕಟ್ಟಡಗಳ ಮಾಳಿಗೆ, ಗೋದಾಮು, ಕಾಲುವೆಯ ಮೇಲ್ಭಾಗ ಎಲ್ಲ ಬರಿದಾಗಿರುವಾಗ ಪ್ಯಾನೆಲ್ಲು ಮೊದಲು ಗಾಯರಾಣಕ್ಕೇ ಏಕೆ ಬರಬೇಕು? ಅಗ್ಗವೆಂದು. ಅಗ್ಗ ಏಕೆಂದರೆ ಅಲ್ಲಿ ಏನೂ ಇಲ್ಲವೆಂದು ಮೊದಲೇ ಬರೆದಿಟ್ಟಿದ್ದೇವೆ.

ಕೊನೆಗೆ ನನಗೆ ಎದುರಾಗುವ ಮಾತು: ನಮ್ಮ ಕಡೆ ಈಗ ಎರೆಭೂತವೇ ಇಲ್ಲವಲ್ಲ, ಇಲ್ಲದ ಹಕ್ಕಿಗಾಗಿ ಏಕೆ ಈ ಗದ್ದಲ? ಯಾರು ಹುಡುಕಿದ್ದಾರೆ ಎಂದು ನಾನು ಕೇಳುತ್ತೇನೆ. ಆಂಧ್ರದ ಕುರುಚಲು ಕಾಡಿನಲ್ಲಿ ರಾತ್ರಿ ಮಾತ್ರ ತಿರುಗುವ ಒಂದು ಸಣ್ಣ ನೆಲದ ಹಕ್ಕಿ ಇದೆ, ತೆಲುಗರು ಕಲಿವಿಕೋಡಿ ಎನ್ನುತ್ತಾರೆ. 1900ರ ನಂತರ ಯಾರಿಗೂ ಕಾಣದೆ ಅದು ಅಳಿದೇ ಹೋಯಿತೆಂದು ಪಂಡಿತರು ನಂಬಿದ್ದರು. 1986ರ ಜನವರಿಯಲ್ಲಿ ಕಡಪಾ ಜಿಲ್ಲೆಯಲ್ಲಿ ಅದು ಸಿಕ್ಕಿತು. ಅದನ್ನು ಹಿಡಿದು ತೋರಿಸಿದ್ದು ಆ ಕಾಡನ್ನು ಬಲ್ಲ ಹಳ್ಳಿಯ ಹಕ್ಕಿಬೇಟೆಗಾರ. ಎಂಬತ್ತಾರು ವರ್ಷ ಅದು ಅಲ್ಲೇ ಇತ್ತು, ಏಕೆಂದರೆ ಆ ಕುರುಚಲನ್ನು ಯಾರೂ ಉದ್ಧಾರ ಮಾಡಿರಲಿಲ್ಲ. ಉದ್ಧಾರ ಆಗಿದ್ದರೆ 1986ರಲ್ಲಿ ಹುಡುಕಿದವರಿಗೆ ಸಿಗುತ್ತಿದ್ದದ್ದು ನೀಲಗಿರಿ. ಎರೆಭೂತ ಬಾರದೆ ಹೋದರೂ ನಮ್ಮ ಬಯಲಿನಲ್ಲಿ ಚಿಗರಿಯಿದೆ, ತೋಳವಿದೆ, ನರಿಯಿದೆ, ಗೌಜಲಹಕ್ಕಿ, ಬುರ್ಲಿ, ಟಿಟ್ಟಿಭಗಳಿವೆ. ಕೊಪ್ಪಳ ಜಿಲ್ಲೆಯ ಬಂಕಾಪುರದ ಬಯಲನ್ನು ತೋಳಗಳಿಗಾಗಿ ಕಾಯಲು ಇದೇ ಸರಕಾರ ಈಚೆಗೆ ಒಪ್ಪಿದೆ. ಅಲ್ಲಿ ಬಯಲಿಗೆ ಬೆಲೆ ಇರುವುದಾದರೆ ಆಳಂದದಲ್ಲಿ ಏಕಿಲ್ಲ?

ರಾಷ್ಟ್ರಪಕ್ಷಿಯನ್ನು ಆರಿಸುವಾಗ ಪಕ್ಷಿತಜ್ಞ ಸಲೀಂ ಅಲಿ ಎರೆಭೂತದ ಪರ ನಿಂತಿದ್ದರು. 1963ರಲ್ಲಿ ನವಿಲು ಆಯ್ಕೆಯಾಯಿತು. ಅಂದು ಎರೆಭೂತಕ್ಕೆ ಆ ಪಟ್ಟ ಸಿಕ್ಕಿದ್ದರೆ ಹುಲ್ಲುಗಾವಲಿಗೆ ಇಷ್ಟು ಅನಾದರ ಆಗುತ್ತಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅದು ಹೋದ ಮಾತು. ಈಗ ಮಾಡಬೇಕಾದದ್ದು ಸ್ಪಷ್ಟವಿದೆ, ಅದಕ್ಕೆ ಹೊಸ ಕಾನೂನು ಬೇಕಿಲ್ಲ.

ಜಿಲ್ಲಾಡಳಿತ ಮೊದಲು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪ್ರತಿ ಗಾಯರಾಣ, ಗೋಮಾಳದ ಸರ್ವೆ ಮಾಡಿಸಿ ಗಡಿ ಗುರುತಿಸಲಿ. ಆ ನೆಲ ಹುಲ್ಲುಗಾವಲು ಎಂದು ದಾಖಲೆಯಲ್ಲಿ ಬರೆಯಲಿ. ಬಂಜರು ಎಂಬ ನಮೂದು ತೆಗೆಯಲಿ. ಅರಣ್ಯ ಇಲಾಖೆ ತೆರೆದ ಬಯಲಿನಲ್ಲಿ ಗುಂಡಿ ತೋಡುವ ಕೆಲಸವನ್ನು ಇವತ್ತೇ ನಿಲ್ಲಿಸಲಿ. ಆ ಹಣವನ್ನು, ಆ ಆಳುಗಳನ್ನು ಬಳ್ಳಾರಿ ಜಾಲಿ ಕೀಳಲು ಹಚ್ಚಲಿ, ಉದ್ಯೋಗ ಖಾತ್ರಿ ಕೂಲಿಯೂ ಸಿಕ್ಕೀತು. ನಾನ್ನಜದಿಂದ ಸಿರುಗುಪ್ಪದವರೆಗಿನ ನೆಲದಲ್ಲಿ ಹಕ್ಕಿ ಎಲ್ಲೆಲ್ಲಿ ಇಳಿಯುತ್ತದೆಂದು ಎರಡು ರಾಜ್ಯಗಳ ಇಲಾಖೆಗಳು ಕೂಡಿ ಹುಡುಕಲಿ, ಕುರಿಗಾರರಿಗೆ ಸಂಬಳ ಕೊಟ್ಟು ಅವರನ್ನೇ ಕಾವಲಿಗೆ ಇಟ್ಟುಕೊಳ್ಳಲಿ. ಪಡ ಬಿಟ್ಟ ಹೊಲಕ್ಕೆ, ಹಿಂಗಾರಿ ಜೋಳಕ್ಕೆ ಪ್ರೋತ್ಸಾಹಧನ ಸಿಗಲಿ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನರೋಣಾದ ಗ್ರಾಮಸಭೆ ಆ ಸಮಿತಿಯನ್ನು ಕೂರಿಸಿ, ಊರ ಕುರಿಗಾರರ ಬಾಯಿಂದ ತಮ್ಮ ನೆಲದ ಹುಲ್ಲು, ಕಂಟಿ, ಹಕ್ಕಿ, ಪ್ರಾಣಿಗಳ ದಾಖಲೆ ಬರೆಸಲಿ. ಗಾಯರಾಣವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿ ಎಂದು ಠರಾವು ಮಾಡಲಿ. ಮುಂದಿನ ಜುಲೈ ಮೊದಲ ವಾರ ಸಸಿಯ ಲಾರಿ ಬಂದರೆ ಆ ಠರಾವಿನ ಪ್ರತಿ ಡ್ರೈವರನ ಕೈಗೆ ಕೊಟ್ಟು, ಬೇವು ಹೊಂಗೆಯಾದರೆ ಶಾಲೆಯ ಅಂಗಳಕ್ಕೆ, ರಸ್ತೆಯ ಬದಿಗೆ, ಸಂತೆ ಮೈದಾನದ ಸುತ್ತ ಹಚ್ಚಿಸಲಿ. ನೀಲಗಿರಿಯಾದರೆ ಗಾಡಿ ತಿರುಗಿಸಿ ಕಳಿಸಲಿ.